ಮೆಂಬರಮ್ಮನ ಯಜಮಾನರು

ಅವರು ತೀರಿಕೊಂಡ ಸುದ್ದಿ ವಾಟ್ಸಾಪ್‌ನಲ್ಲಿ ಬಂದಾಗ, ಫೋಟೋದ ಕೆಳಗಿದ್ದ ಹೆಸರನ್ನು ಓದಿ ಒಂದು ಕ್ಷಣ ಯಾರಿದು ಎಂದು ತಡವರಿಸಿದೆ. ಭದ್ರಾವತಿಯ ಜೂನಿಯರ್ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಹನ್ನೊಂದು ವರ್ಷ, ಅವರ ಹಿತ್ತಿಲಿಗೆ ಹಿತ್ತಿಲು ತಾಗಿದ ಮನೆಯಲ್ಲೇ ನಾನು ಬಾಡಿಗೆಗಿದ್ದೆ. ಆದರೂ ಹೆಸರು ಹಿಡಿದು ಅವರನ್ನು ಕರೆದ ನೆನಪಿಲ್ಲ. ಕಾರ್ಖಾನೆಯಲ್ಲಿದ್ದಾಗ ಎಲ್ಲರಿಗೂ ಅವರು ಕ್ರೇನ್ ಅಣ್ಣ. ಹೆಂಡತಿ ನಗರಸಭೆಗೆ ಗೆದ್ದ ಮೇಲೆ ಮೆಂಬರಮ್ಮನ ಯಜಮಾನರು. ಈ ಎರಡನೆಯದನ್ನು ಕೆಲವರು ಕುಹಕಕ್ಕೆ ಹೇಳುತ್ತಿದ್ದರು. ಅವರು ಮಾತ್ರ ಪೋಸ್ಟ್‌ಮನ್ ಕೇಳಿದರೂ ಗ್ಯಾಸಿನವನು ಕೇಳಿದರೂ ತಾವಾಗಿ ಅದನ್ನೇ ಹೇಳಿಕೊಳ್ಳುತ್ತಿದ್ದರು. ಇಲ್ಲಿಯೂ ಅದೇ ಇರಲಿ.

ಸಣ್ಣ ಆಳು. ಹಣೆಗೆ ವಿಭೂತಿ, ತುಂಬುತೋಳಿನ ಅಂಗಿ, ಕುತ್ತಿಗೆಯವರೆಗೂ ಗುಂಡಿ. ಯಾವ ಮನೆಗೆ ಹೋದರೂ ಹೊಸ್ತಿಲಲ್ಲಿ ನಿಂತು ಮೊದಲು ಮೇಲೆ ನೋಡುತ್ತಿದ್ದರು. ಸೂರು, ಫ್ಯಾನು, ಗೋಡೆಯ ಮೊಳೆ, ಎಲ್ಲವನ್ನೂ ಒಮ್ಮೆ ಕಣ್ಣಲ್ಲೇ ಅಲುಗಿಸಿ ನೋಡಿದ ಮೇಲೆ ಒಳಗೆ ಕಾಲಿಡುವುದು. ಕಾರ್ಖಾನೆಯ ಚಾವಣಿಗೆ ಹೊಂದಿಕೊಂಡ ಹಳಿಯ ಮೇಲೆ ಓಡುವ ಕ್ರೇನಿನ ಪುಟ್ಟ ಗೂಡಿನಲ್ಲಿ ಅವರು ಇಪ್ಪತ್ತೆಂಟು ವರ್ಷ ಕೂತಿದ್ದರು. ಕರಗಿದ ಲೋಹ ತುಂಬಿದ ಬಾನಿಯನ್ನು ಕೊಕ್ಕೆಗೆ ಸಿಕ್ಕಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಕೆಲಸ. ಕೆಳಗೆ ಜನ. ಅವರ ಪಾಳಿಯಲ್ಲಿ ಒಂದು ದಿನವೂ ಯಾರಿಗೂ ಏನೂ ಆಗಲಿಲ್ಲವಂತೆ. ಅದನ್ನು ಹೆಮ್ಮೆಯಿಂದ ಹೇಳುತ್ತಿರಲಿಲ್ಲ. ಪಾರಾದವರ ಹಾಗೆ ಹೇಳುತ್ತಿದ್ದರು.

ಹೆದರಿಕೆ ಅವರ ಸ್ವಭಾವವೇ ಆಗಿತ್ತು. ಗ್ಯಾಸ್ ಆರಿಸಿದೆಯೇ ಎಂದು ಮೂರು ಸಲ ನೋಡುತ್ತಿದ್ದರು. ಒಮ್ಮೆ ಶಿವಮೊಗ್ಗದಲ್ಲಿ ನಾದಿನಿಯ ಮಗಳ ಮದುವೆಗೆ ಹೊರಟವರು, ಮಲವಗೊಪ್ಪದವರೆಗೆ ಹೋದ ಮೇಲೆ ಬಾಗಿಲಿಗೆ ಬೀಗ ಹಾಕಿದ್ದು ನೆನಪಾಗದೆ ಬಸ್ಸಿಳಿದು ವಾಪಸ್ಸು ಬಂದಿದ್ದರು. ಬೀಗ ಹಾಕಿತ್ತು. ಮುಟ್ಟಿ ನೋಡಿ ಮತ್ತೆ ಬಸ್ಸು ಹತ್ತಿದರು. ಅಷ್ಟರಲ್ಲಿ ಧಾರೆ ಮುಗಿದಿತ್ತು.

ಅವರ ಹೆಂಡತಿ ಗಿರಿಜಮ್ಮ ಇದಕ್ಕೆ ತದ್ವಿರುದ್ಧ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದರು. ಕೆಂಪು ಸ್ಕೂಟಿಯೊಂದಿತ್ತು. ಬೀದಿಯ ನಲ್ಲಿಯಲ್ಲಿ ನೀರು ಬಾರದ ಬೇಸಿಗೆಯಲ್ಲಿ ಇಪ್ಪತ್ತು ಹೆಂಗಸರನ್ನು ಕರೆದುಕೊಂಡು ಹೋಗಿ ನಗರಸಭೆಯ ಮೆಟ್ಟಿಲ ಮೇಲೆ ಖಾಲಿ ಕೊಡ ಜೋಡಿಸಿ ಕೂತಿದ್ದರು. ಸಂಜೆಯೊಳಗೆ ನೀರು ಬಂತು. ಆ ವರ್ಷವೇ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಬೀದಿಯ ಹೆಂಗಸರು ಅವರ ಮನೆಗೆ ಬಂದು, ಜಗಲಿಯ ಮೇಲೆ ಪೇಪರ್ ಓದುತ್ತಿದ್ದ ಗಂಡನ ಎದುರು ನಿಂತರು.

"ಯಜಮಾನ್ರೇ, ಅಕ್ಕನ್ನ ನಿಲ್ಲಿಸ್ಬೇಕು. ನೀವು ಹೂಂ ಅನ್ಬೇಕು."

"ಕೇಳಬೇಕಾದ್ದು ನನ್ನನ್ನಲ್ಲ," ಎಂದರು ಅವರು. "ಅವರು ಒಳಗೆ ಒಗ್ಗರಣೆ ಹಾಕ್ತಿದ್ದಾರೆ. ಅಲ್ಲೇ ಹೋಗಿ ಕೇಳಿ."

ಹೆಂಡತಿಯನ್ನು ಅವರು ನಾಲ್ಕು ಜನರ ಎದುರು 'ಅವರು' ಎಂದೇ ಹೇಳುತ್ತಿದ್ದುದು ಅಂದಿನಿಂದ. ನನ್ನ ಹತ್ತಿರ ಮಾತ್ರ 'ಅವಳು'.

ಗಿರಿಜಮ್ಮ ಒಪ್ಪಿದರು. ಸಂಜೆ ಯಜಮಾನರು ಹಿತ್ತಿಲ ಗೋಡೆಗೆ ಆತುಕೊಂಡು ನನ್ನನ್ನು ಕರೆದರು.

"ಮೇಷ್ಟ್ರೇ, ಈ ಇಲೆಕ್ಷನ್‌ನಲ್ಲಿ ಗಲಾಟೆ ಗಿಲಾಟೆ ಎಲ್ಲ ಆಗುತ್ತಾ?"

"ನಗರಸಭೆ ಇಲೆಕ್ಷನ್ನು ಮಾರಾಯ್ರೇ. ಏನೂ ಆಗಲ್ಲ."

"ಏನೂ ಆಗಲ್ಲ ಅನ್ನೋರನ್ನ ಕಂಡ್ರೇ ನಂಗೆ ಹೆದರಿಕೆ," ಎಂದು ಒಳಗೆ ಹೋದರು.

ಗಿರಿಜಮ್ಮ ಪಕ್ಷೇತರರಾಗಿ ನಾಮಪತ್ರ ಹಾಕಿದರು. ಅಭ್ಯರ್ಥಿಯ ಹೆಸರನ್ನು ಸೂಚಿಸುವ ಮತದಾರರೊಬ್ಬರು ಬೇಕಲ್ಲ, ಆ ಜಾಗದಲ್ಲಿ ಗಂಡ ಸಹಿ ಹಾಕಿದರು. ಮಾರನೆಯ ದಿನದಿಂದಲೇ ಮನೆ ಮನೆಗೆ ಹೋಗುವುದು ಶುರುವಾಯಿತು. ಕರಪತ್ರ ಬರೆದುಕೊಟ್ಟ ತಪ್ಪಿಗೆ ನಾನೂ ಕಾಲೇಜು ಬಿಟ್ಟ ಮೇಲೆ ಜೊತೆಗೆ ಹೋಗಬೇಕಾಯಿತು.

ಆಗ ನೋಡಬೇಕಿತ್ತು ಅವರನ್ನು. ಹೆಗಲಿಗೆ ಒಂದು ಬಟ್ಟೆಯ ಚೀಲ. ಅದರಲ್ಲಿ ಬಿಸಿನೀರಿನ ಫ್ಲಾಸ್ಕು, ಗಿರಿಜಮ್ಮನ ಬಿಪಿ ಮಾತ್ರೆ, ಗ್ಲೂಕೋಸು, ಕಲ್ಲುಸಕ್ಕರೆ, ಸೇಫ್ಟಿ ಪಿನ್ನು, ಇನ್ನೊಂದು ಜೊತೆ ಚಪ್ಪಲಿ, ನಾಯಿ ಬಂದರೆ ಇರಲಿ ಎಂದು ಬಿಸ್ಕತ್ತು. ಹೆಂಡತಿಗಿಂತ ಹತ್ತು ಹೆಜ್ಜೆ ಹಿಂದೆ ನಡೆಯುತ್ತಿದ್ದರು. ಯಾವ ಮನೆಯ ಮುಂದೆ ಚರಂಡಿಯ ಕಲ್ಲು ಅಲುಗುತ್ತದೆ, ಎಲ್ಲಿ ಕರೆಂಟಿನ ತಂತಿ ಜೋತು ಬಿದ್ದಿದೆ ಎಂಬುದು ಅವರಿಗೆ ಹಿಂದಿನ ದಿನವೇ ಗೊತ್ತಿರುತ್ತಿತ್ತು. ಬೆಳಿಗ್ಗೆ ಒಬ್ಬರೇ ಹೋಗಿ ಬೀದಿ ನೋಡಿಕೊಂಡು ಬರುತ್ತಿದ್ದರು.

ಗಂಡಸರು ಗಿರಿಜಮ್ಮನಿಗೆ ನಮಸ್ಕಾರ ಮಾಡಿ, ಮಾತು ಮಾತ್ರ ಅವರ ಹತ್ತಿರ ಆಡುತ್ತಿದ್ದರು. "ಯಜಮಾನ್ರೇ, ನಮ್ಮ ಕಡೆ ಬೀದಿ ದೀಪ ಉರಿಯಲ್ಲ ನೋಡಿ." ಅವರು ಸುಮ್ಮನೆ ಹೆಂಡತಿಯ ಕಡೆ ಕೈ ತೋರಿಸುತ್ತಿದ್ದರು. "ನಿಂತಿರೋರು ಅವರು. ನಾನು ಬರೀ ಚೀಲ." ಎರಡು ಮೂರು ಸಲ ಹೀಗಾದ ಮೇಲೆ ಜನ ನಕ್ಕು ಗಿರಿಜಮ್ಮನ ಕಡೆಗೇ ತಿರುಗುತ್ತಿದ್ದರು.

ಕಾರ್ಖಾನೆಯ ಹಳೆಯ ತಮಿಳು ಕುಟುಂಬಗಳಿದ್ದ ಸಾಲಿನಲ್ಲಿ ಒಬ್ಬಳು ಮುದುಕಿ ಅವರನ್ನು ಗುರುತು ಹಿಡಿದಳು. ಅವಳ ಗಂಡ ಇವರ ಜೊತೆ ಪಾಳಿಯಲ್ಲಿದ್ದವನು.

"ಏನಪ್ಪಾ ಕ್ರೇನು, ಪೊಂಡಾಟ್ಟಿ ಮುಂದೆ ಹೋಗ್ತಾಳೆ, ನೀನು ಪಿನ್ನಾಡಿ ಬರ್ತೀಯಾ?"

"ಹಿಂದಿದ್ರೆ ತಾನೇ ಪಾಟಿ, ಮುಂದೆ ಏನಿದೆ ಅಂತ ಕಾಣೋದು," ಎಂದರು. ಮುದುಕಿ ಬಾಯ್ತುಂಬ ನಕ್ಕು ಗಿರಿಜಮ್ಮನನ್ನು ಒಳಗೆ ಕರೆದು ಕೂರಿಸಿದಳು. ಆ ಸಾಲಿನ ಓಟುಗಳು ಅಂದೇ ನಮ್ಮವಾದವು ಎಂದು ನನಗೆ ಅನಿಸಿತು. ಅವರಿಗೆ ಅನಿಸಲಿಲ್ಲ. ವಾಪಸ್ಸು ಬರುವಾಗ, "ಆ ಮನೆ ಹೆಂಚು ಜಾರಿದೆ, ಯಾರ ತಲೆ ಮೇಲಾದ್ರೂ ಬೀಳುತ್ತೆ," ಎನ್ನುತ್ತಿದ್ದರು.

ಮೊದಲ ಮೂರು ದಿನ ಹೀಗೆ ಸಾಗಿತು. ನಾಲ್ಕನೆಯ ದಿನದಿಂದ ಅವರು ಬೇರೆಯೇ ಆದರು.

ವಾರ್ಡಿನ ಹಳೆಯ ಮೆಂಬರ್ ಒಬ್ಬರಿದ್ದರು. ಮೂರು ಸಲ ಗೆದ್ದವರು. ಮೀಸಲು ಬಂದದ್ದರಿಂದ ಈ ಸಲ ತಮ್ಮನ ಹೆಂಡತಿಯನ್ನು ನಿಲ್ಲಿಸಿದ್ದರು. ಪೋಸ್ಟರಿನಲ್ಲಿ ಆಕೆಯ ಮುಖ ಅಂಚೆಚೀಟಿಯಷ್ಟು, ಇವರದ್ದು ತಟ್ಟೆಯಷ್ಟು. ಆಕೆಯನ್ನು ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ಎದುರಿಗೆ ನಿಂತವರು ಗಿರಿಜಮ್ಮ ಒಬ್ಬರೇ. ಅವರೊಬ್ಬರು ಹಿಂದೆ ಸರಿದರೆ ಅವಿರೋಧ ಆಯ್ಕೆ.

ಆ ದಿನಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇಷ್ಟೇ: ಯಜಮಾನರು ಸೈಕಲ್ ತೆಗೆದರು. ಗಿರಿಜಮ್ಮ ಸ್ಕೂಟಿಯಲ್ಲಿ ಎಲ್ಲಿಗೆ ಹೊರಟರೂ ಅವರು ಹಿಂದೆ ಸೈಕಲ್ ತುಳಿಯುತ್ತ ಹೋಗುತ್ತಿದ್ದರು. ಅರವತ್ತರ ಹತ್ತಿರದ ಮನುಷ್ಯ, ಬೆನ್ನು ಬಾಗಿಸಿ, ಬಾಯಿ ತೆರೆದುಕೊಂಡು, ಸ್ಕೂಟಿಯ ಹಿಂದೆ ತುಳಿಯುವುದನ್ನು ನೋಡಿ ಅಂಗಡಿಯವರು ನಗುತ್ತಿದ್ದರು. ಗಿರಿಜಮ್ಮ ಗಾಡಿ ನಿಲ್ಲಿಸಿ ಗದರುತ್ತಿದ್ದರು.

"ರೀ, ಎದೆ ಒಡ್ಕೋಬೇಕು ಅಂತಿದ್ದೀರಾ? ನಾನೇನು ಕಾಣೆಯಾಗ್ತೀನಾ?"

"ನೀನು ಹೋಗ್ತಿರು. ನಂಗೂ ಆ ಕಡೆ ಕೆಲ್ಸ ಇದೆ."

ಊಟ ಕಡಿಮೆಯಾಯಿತು. ಕಾಫಿ ಕೊಟ್ಟರೆ ಲೋಟ ಬಸಿಯಲ್ಲಿ ಕಟಕಟ ಸದ್ದು ಮಾಡುತ್ತಿತ್ತು. ಫೋನು ಬಂದರೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು. ಏನಾಯಿತು ಎಂದು ಕೇಳಿದರೆ, "ಚಳಿ ಮೇಷ್ಟ್ರೇ," ಎನ್ನುತ್ತಿದ್ದರು. ಭದ್ರಾವತಿಯಲ್ಲಿ ಆಗ ಚಳಿ ಇರಲಿಲ್ಲ.

ನಾಮಪತ್ರ ಹಿಂದಕ್ಕೆ ಪಡೆಯಲು ಕೊನೆಯ ದಿನ ಬಂತು. ಮಧ್ಯಾಹ್ನ ಮೂರು ಗಂಟೆಯವರೆಗೆ ಸಮಯ. ಒಂದೂವರೆಯ ಹೊತ್ತಿಗೆ ಅವರು ನನ್ನ ಬಾಗಿಲಿಗೆ ಬಂದರು.

"ಮೈಕಿನ ಪರ್ಮಿಷನ್‌ಗೆ ಇಲೆಕ್ಷನ್ ಆಫೀಸಿಗೆ ಹೋಗ್ಬೇಕು. ಸ್ಕೂಟರ್ ತೆಗೀತೀರಾ?"

ಹೊರಟೆವು. ಆಫೀಸಿನ ಕಾಂಪೌಂಡಿನಲ್ಲಿ ಪೊಲೀಸರು, ಅಭ್ಯರ್ಥಿಗಳ ಕಡೆಯವರು, ಜೆರಾಕ್ಸ್ ಹಿಡಿದು ಓಡಾಡುವವರು. ಹೊಂಗೆಮರದ ಕಟ್ಟೆಯ ಹತ್ತಿರ ಅವರು ನಿಂತುಬಿಟ್ಟರು. ಒಳಗೆ ಹೋಗಲಿಲ್ಲ. ಅಂಗಿಯ ಜೇಬಿನಿಂದ ಒಂದು ಕಾಗದ ತೆಗೆದು ನನ್ನ ಕೈಗೆ ಕೊಟ್ಟರು.

ಅದು ಉಮೇದುವಾರಿಕೆ ಹಿಂದಕ್ಕೆ ಪಡೆಯುವ ಅರ್ಜಿ. ಕೆಳಗೆ ಗಿರಿಜಮ್ಮನ ದುಂಡು ಸಹಿ.

"ಅವರು ಒಪ್ಪಿದರಾ?" ಎಂದೆ.

"ಅವಳಿಗೆ ಗೊತ್ತಿಲ್ಲ. ಬೆಳಿಗ್ಗೆ ಮೈಕಿಂದು, ಗಾಡಿದು, ಏಜೆಂಟರದ್ದು, ನಾಲ್ಕೈದು ಕಾಗದ ಇತ್ತು. ಅದ್ರ ಮಧ್ಯ ಇಟ್ಟೆ. ಓದ್ಬೇಕಾ ಅಂದ್ಲು. ಬೇಡ ಅಂದೆ. ಹಾಕಿಕೊಟ್ಲು."

ಸೂಚಕರಾಗಿ ಸಹಿ ಹಾಕಿದವರು ಆ ಅರ್ಜಿಯನ್ನು ತಾವೇ ಒಳಗೆ ಕೊಡಬಹುದಿತ್ತು. ಅದನ್ನು ಅವರಿಗೆ ಯಾರೋ ಹೇಳಿಕೊಟ್ಟಿದ್ದರು. ಯಾರು ಎಂದು ಕೇಳಿದಾಗ ಎಲ್ಲ ಹೊರಗೆ ಬಂತು. ಹಳೆಯ ಮೆಂಬರ್ ಇವರನ್ನು ಹೋಟೆಲಿಗೆ ಕರೆಸಿ ಕಾಫಿ ಕುಡಿಸಿದ್ದರು. ಮನೆಯ ಯಜಮಾನರು ನೀವು, ನಿಮ್ಮ ಒಂದು ಮಾತಿನಲ್ಲಿ ಮುಗಿಯುತ್ತದೆ ಎಂದಿದ್ದರು. ಗಿರಿಜಮ್ಮನನ್ನೇ ಕೇಳಿ ಎಂದು ಇವರು ಹೇಳಿದರೆ, ಹೆಂಗಸರ ಹತ್ತಿರ ಏನು ಮಾತು ಎಂದಿದ್ದರು. ಎದ್ದು ಹೊರಡುವಾಗ ಬಾಗಿಲವರೆಗೆ ಬಂದು ಹೆಗಲ ಮೇಲೆ ಕೈ ಹಾಕಿ ಹೇಳಿದ್ದು ಇದು: "ಅಕ್ಕ ಸ್ಕೂಟಿಯಲ್ಲಿ ಒಬ್ರೇ ಓಡಾಡ್ತಾರೆ. ಸೇತುವೆ ಹತ್ರ ಲಾರಿ ಜಾಸ್ತಿ. ಹುಷಾರು ಅಂತ ಹೇಳಿ."

ಮಾರನೆಯ ದಿನ ಗೊತ್ತಿಲ್ಲದ ನಂಬರಿನಿಂದ ಅವರ ಫೋನಿಗೆ ಒಂದು ಫೋಟೋ. ಸೇತುವೆಯ ಮೇಲೆ ಸ್ಕೂಟಿಯಲ್ಲಿ ಹೋಗುತ್ತಿರುವ ಗಿರಿಜಮ್ಮ, ಹಿಂದಿನಿಂದ ತೆಗೆದದ್ದು. ಜೊತೆಗೆ ಒಂದಕ್ಷರವಿಲ್ಲ. ಇನ್ನೆರಡು ದಿನಕ್ಕೆ ಮತ್ತೊಂದು, ತರಕಾರಿ ಮಾರ್ಕೆಟ್ಟಿನಲ್ಲಿ. ಆಮೇಲೆ ಇನ್ನೊಂದು, ನಮ್ಮದೇ ಬೀದಿಯ ತಿರುವಿನಲ್ಲಿ. ಅದರಲ್ಲಿ ಹಿಂದೆ ಸೈಕಲ್ ತುಳಿಯುತ್ತಿದ್ದ ಅವರೂ ಇದ್ದರು.

"ನಾನು ಹಿಂದೆನೇ ಇದ್ದೆ ಮೇಷ್ಟ್ರೇ. ತೆಗೆದವನು ಯಾರು ಅಂತ ಕಾಣ್ಲೇ ಇಲ್ಲ," ಎಂದರು.

ನಿಜ ಹೇಳಬೇಕು. ಆ ಫೋಟೋಗಳನ್ನು ನೋಡಿದ ಮೇಲೆ, ಕೊಟ್ಟುಬಿಡಿ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಕೊಡಬೇಡಿ ಎನ್ನುವ ಧೈರ್ಯ ಇರಲಿಲ್ಲ. ತರಗತಿಯಲ್ಲಿ ಹುಡುಗರಿಗೆ ಏನೇನೋ ಹೇಳಿದವನು, ಅಂದು ಆ ಕಟ್ಟೆಯ ಮೇಲೆ ಕೂತು ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದೆ. ಅವರು ಕಾಗದ ತೆಗೆದುಕೊಂಡು ಬಾಗಿಲವರೆಗೆ ಹೋದರು, ವಾಪಸ್ಸು ಬಂದರು. ಮತ್ತೆ ಹೋದರು. ಎರಡನೆಯ ಸಲ ಪೊಲೀಸಿನವನು, "ಒಳಗೆ ಹೋಗೋದಾದ್ರೆ ಹೋಗ್ರೀ, ಟೈಮಾಗುತ್ತೆ," ಎಂದ. ಆಗ ಎರಡು ಗಂಟೆ ಹತ್ತು ನಿಮಿಷ.

ಅವರು ಪಕ್ಕಕ್ಕೆ ಸರಿದು ನಿಂತು ಫೋನು ಮಾಡಿದರು.

"ಗಿರಿಜಾ, ನಾನೊಂದು ತಪ್ಪು ಮಾಡಿದೀನಿ. ಆಫೀಸಿನ ಹತ್ರ ಇದೀನಿ. ನೀನು ಬಾ." ಸ್ವಲ್ಪ ತಡೆದು, "ಸ್ಕೂಟಿ ಬೇಡ. ಆಟೋ ಹಿಡಿ. ಸೇತುವೆ ಮೇಲೆ ಬರ್ಬೇಡ," ಎಂದರು. ಸೇತುವೆ ದಾಟದೆ ಬರಲು ದಾರಿಯೇ ಇಲ್ಲ ಎನ್ನುವುದು ಆಮೇಲೆ ಹೊಳೆದು, ಫೋನನ್ನು ಎದೆಗೊತ್ತಿಕೊಂಡು ನಿಂತರು.

ಅಲ್ಲಿಂದ ಕಾಲು ಗಂಟೆ ಅವರು ರಸ್ತೆಯಂಚಿನಲ್ಲಿ ನಿಂತಿದ್ದ ರೀತಿಯನ್ನು ನಾನು ಮರೆತಿಲ್ಲ. ಪ್ರತಿ ಲಾರಿಯ ಹಾರನ್ನಿಗೂ ಅವರ ಮೈ ಒಮ್ಮೆ ಸೆಟೆಯುತ್ತಿತ್ತು. ದೂರದಲ್ಲಿ ಕೆಂಪು ಸ್ಕೂಟಿ ಕಂಡಾಗ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಗಿರಿಜಮ್ಮ ಆಟೋ ಹಿಡಿದಿರಲಿಲ್ಲ.

ಯಜಮಾನರು ಎಲ್ಲವನ್ನೂ ಹೇಳಿದರು. ಹೋಟೆಲು, ಕಾಫಿ, ಫೋಟೋ, ಬೆಳಗಿನ ಸಹಿ. ತಲೆ ತಗ್ಗಿಸಿ, ಮೇಲಧಿಕಾರಿಗೆ ವರದಿ ಒಪ್ಪಿಸುವವರಂತೆ ಒಂದೊಂದಾಗಿ ಹೇಳಿದರು. ಗಿರಿಜಮ್ಮ ಕಾಗದ ಬಿಚ್ಚಿ ನೋಡಿ ಮಡಿಸಿದರು. ಕೂಗಾಡುತ್ತಾರೆ ಎಂದುಕೊಂಡು ನಾನು ಎದ್ದು ದೂರ ಹೋಗಲು ನೋಡಿದೆ. "ಇರಿ ಮೇಷ್ಟ್ರೇ," ಎಂದರು.

ಆಮೇಲೆ ಗಂಡನನ್ನು ಕೇಳಿದರು. "ಅಷ್ಟು ಹೆದರಿಕೆಯಾ ನಿಮಗೆ?"

"ಹೂಂ."

"ನಾನು ನಿಂತ್ರೆ ನಿಮಗೆ ನಿದ್ದೆ ಬರುತ್ತಾ?"

"ಬರಲ್ಲ."

"ವಾಪಸ್ ತಗೊಂಡ್ರೆ ನಂಗೆ ಬರಲ್ಲ. ಇಬ್ಬರಲ್ಲಿ ಯಾರು ನಿದ್ದೆ ಬಿಡೋದು, ನೀವೇ ಹೇಳಿ."

ಅವರು ಮೇಲೆ ಹೊಂಗೆಯ ಕೊಂಬೆಗಳ ಕಡೆ ನೋಡಿದರು. ಆಮೇಲೆ ಹೇಳಿದರು. "ನಂಗೆ ಮೊದ್ಲಿಂದನೂ ನಿದ್ದೆ ಕಮ್ಮಿನೇ."

ಗಿರಿಜಮ್ಮ ಕಾಗದವನ್ನು ತಮ್ಮ ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ ಎಳೆದರು. ಮೂರು ಗಂಟೆಯಾಗುವವರೆಗೆ ನಾವು ಮೂವರೂ ಆ ಕಟ್ಟೆಯ ಮೇಲೆಯೇ ಕೂತೆವು. ಹಳೆಯ ಮೆಂಬರ್ ಕಡೆಯ ಇಬ್ಬರು ಬಾಗಿಲ ಬಳಿ ನಿಂತು ನಮ್ಮನ್ನೇ ನೋಡುತ್ತಿದ್ದರು. ಅವರು ಫ್ಲಾಸ್ಕು ತೆಗೆದು ಹೆಂಡತಿಗೆ ಬಿಸಿನೀರು ಬಗ್ಗಿಸಿ ಕೊಟ್ಟರು. ಅರ್ಧ ನೆಲಕ್ಕೆ ಚೆಲ್ಲಿತು. ಮೂರಾದ ಮೇಲೆ ಒಳಗಿನಿಂದ ಒಬ್ಬ ಗುಮಾಸ್ತ ಬಂದು ಬಾಗಿಲು ಹಾಕಿದ. ಚಿಹ್ನೆ ಹಂಚುವಾಗ ಗಿರಿಜಮ್ಮ ಹೊಲಿಗೆ ಯಂತ್ರ ಕೇಳಿದರು. ಸಿಕ್ಕಿತು.

ಅಂದು ಸಂಜೆ ಗಿರಿಜಮ್ಮ ಠಾಣೆಗೆ ಹೋಗಿ ದೂರು ಕೊಟ್ಟರು. ಅಲ್ಲಿಯವರು ಬರೆದುಕೊಂಡರು, ನೋಡ್ತೀವಿ ಎಂದರು. ಅಲ್ಲಿಂದ ನೇರವಾಗಿ ಬೀದಿಯ ನಲ್ಲಿಕಟ್ಟೆಯ ಹತ್ತಿರ ಸೇರಿದ್ದ ಜನರ ಮುಂದೆ ಬಂದು ಗಿರಿಜಮ್ಮ ಫೋನನ್ನು ಎತ್ತಿ ಹಿಡಿದರು.

"ನೋಡಿ, ಯಾರೋ ನನ್ನ ಫೋಟೋ ತೆಗೆದಿದಾರೆ. ಚೆನ್ನಾಗೇ ತೆಗೆದಿದಾರೆ. ಆದ್ರೆ ಎಲ್ಲಾನೂ ಹಿಂದಿನಿಂದ. ನನ್ನ ಮುಖ ನೋಡೋಕೆ ಅವರಿಗೆ ಯಾಕೆ ಭಯ ಅಂತ ನಂಗೆ ಗೊತ್ತಿಲ್ಲ. ಇದನ್ನ ನೋಡಿ ನಮ್ಮ ಯಜಮಾನ್ರು ನಾಲ್ಕು ದಿನದಿಂದ ಊಟ ಬಿಟ್ಟಿದಾರೆ."

ಜನ ಹಿಂದೆ ತಿರುಗಿ ಅವರನ್ನು ನೋಡಿದರು. ಅವರಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಗಂಡನ ಹೆದರಿಕೆಯನ್ನು ಹೀಗೆ ಬೀದಿಯಲ್ಲಿ ಹೇಳಿದ್ದು ಸರಿಯೇ ಎಂದು ನನಗೂ ಅಂದು ಅನಿಸಿತ್ತು. ಆದರೆ ಮಾರನೆಯ ಬೆಳಿಗ್ಗೆ ಗಿರಿಜಮ್ಮ ಸ್ಕೂಟಿ ತೆಗೆದಾಗ ಹೊಲಿಗೆ ಕ್ಲಾಸಿನ ಇಬ್ಬರು ಹುಡುಗಿಯರು ತಮ್ಮ ಗಾಡಿಯಲ್ಲಿ ಬಂದು ಕಾಯುತ್ತಿದ್ದರು. ಮಧ್ಯಾಹ್ನ ಇನ್ನಿಬ್ಬರು. ತಮಿಳು ಸಾಲಿನ ಮುದುಕಿ ತನ್ನ ಮೊಮ್ಮಗಳನ್ನು ಆಟೋದಲ್ಲಿ ಕಳಿಸಿದಳು. ಮತದಾನದ ದಿನದವರೆಗೆ ಗಿರಿಜಮ್ಮ ಒಬ್ಬರೇ ಎಲ್ಲಿಗೂ ಹೋಗಲಿಲ್ಲ. ಯಜಮಾನರ ಸೈಕಲ್ಲೂ ಬಿಡಲಿಲ್ಲ; ಆ ಮೆರವಣಿಗೆಯ ಕೊನೆಯಲ್ಲಿ ಇರುತ್ತಿತ್ತು.

ಏನೂ ಆಗಲಿಲ್ಲ. ಆದರೆ ಏನೂ ಆಗದ ಆ ಹದಿನೈದು ದಿನಗಳಲ್ಲಿ ಅವರ ಪ್ಯಾಂಟು ಸೊಂಟದಲ್ಲಿ ನಿಲ್ಲದಂತಾಗಿ ಗಿರಿಜಮ್ಮ ಎರಡು ಸಲ ಹೊಲಿದು ಬಿಗಿ ಮಾಡಿಕೊಟ್ಟರು.

ಎಣಿಕೆಯ ದಿನ ಅವರು ಒಳಗೆ ಹೋಗಲಿಲ್ಲ. ಹೊರಗೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದರು. ಗೆದ್ದ ಸುದ್ದಿಯನ್ನು ನಾನೇ ಓಡಿ ಬಂದು ಹೇಳಿದೆ. ಕಣ್ಣು ತೆರೆದು ಮೊದಲು ಕೇಳಿದ್ದು, "ಅವಳು ಮಾತ್ರೆ ತಗೊಂಡ್ಲಾ?" ಯಾರೋ ಅವರ ಕೊರಳಿಗೆ ಹಾರ ಹಾಕಲು ಬಂದರು. ಅದನ್ನು ಕೈಯಲ್ಲೇ ತೆಗೆದುಕೊಂಡು, ಪಟಾಕಿ ಹಚ್ಚುವವರ ಹತ್ತಿರ ಹೋಗಿ, ಮಕ್ಕಳನ್ನು ದೂರ ನಿಲ್ಲಿಸತೊಡಗಿದರು.

ಐದು ವರ್ಷ ಗಿರಿಜಮ್ಮ ಮೆಂಬರ್ ಆಗಿದ್ದರು. ನಗರಸಭೆಯಲ್ಲಿ ಹೆಂಗಸರು ಗೆದ್ದ ಕಡೆ ಗಂಡಂದಿರೇ ಕುರ್ಚಿ ಎಳೆದುಕೊಂಡು ಕೂರುವುದು ರೂಢಿ. ಇವರು ಒಂದು ದಿನವೂ ಸಭಾಂಗಣದ ಬಾಗಿಲು ದಾಟಲಿಲ್ಲ. ಹೊರಗಿನ ಬೆಂಚಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ಮನೆಗೆ ಬರುವ ಪ್ರತಿಯೊಂದು ಕಾಗದವನ್ನೂ ಹೆಂಡತಿಯ ಎದುರು ಕೂತು ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಜೋರಾಗಿ ಓದುತ್ತಿದ್ದರು. ಓದಿ ಮುಗಿಯದೆ ಸಹಿಯ ಜಾಗ ತೋರಿಸುತ್ತಿರಲಿಲ್ಲ. ಹಿತ್ತಿಲಿನಿಂದ ನನಗೆ ಬೆಳಿಗ್ಗೆ ಏಳು ಗಂಟೆಗೆ ಚರಂಡಿ ಹೂಳಿನ ಟೆಂಡರು, ಬೀದಿದೀಪದ ಟಿಪ್ಪಣಿ ಎಲ್ಲ ಕೇಳಿಸುತ್ತಿತ್ತು. ಗಿರಿಜಮ್ಮ ಕೆಲವೊಮ್ಮೆ, "ಸಾಕು ರೀ, ಅರ್ಥ ಆಯ್ತು," ಎನ್ನುತ್ತಿದ್ದರು. "ಇನ್ನೂ ಒಂದು ಪುಟ ಇದೆ," ಎಂದು ಇವರು ಮುಂದುವರಿಸುತ್ತಿದ್ದರು.

ನಾನು ನಿವೃತ್ತನಾಗಿ ಶಿವಮೊಗ್ಗದ ವಿನೋಬನಗರಕ್ಕೆ ಬಂದ ಮೇಲೆ ಭೇಟಿ ಕಡಿಮೆಯಾಯಿತು. ಕಳೆದ ತಿಂಗಳು ಗಿರಿಜಮ್ಮ ಫೋನು ಮಾಡಿ, ಉಸಿರಾಟದ ತೊಂದರೆ, ಶಿವಮೊಗ್ಗದಲ್ಲೇ ಆಸ್ಪತ್ರೆಗೆ ಸೇರಿಸಿದ್ದೇವೆ ಎಂದರು. ಹೋದೆ. ಮಧ್ಯಾಹ್ನದ ಹೊತ್ತು. ಗಿರಿಜಮ್ಮ ಔಷಧಿ ತರಲು ಕೆಳಗೆ ಹೋಗಿದ್ದರು. ಅವರು ಮಲಗಿದಲ್ಲಿಂದಲೇ ಡ್ರಿಪ್ಪಿನ ಬಾಟಲಿ ತೂಗುಹಾಕಿದ್ದ ಕಂಬವನ್ನು ನೋಡುತ್ತಿದ್ದರು. ಮೂಗಿನಲ್ಲಿ ಆಮ್ಲಜನಕದ ಕೊಳವೆ. ನನ್ನನ್ನು ಕಂಡು ಕೈ ಬೀಸಿ ಹತ್ತಿರ ಕರೆದರು.

"ಮೇಷ್ಟ್ರೇ, ಒಂದು ಮಾತು ಹೇಳ್ಬೇಕು. ಆ ದಿನ ನಾನು ಅವಳಿಗೆ ಫೋನ್ ಮಾಡಿದ್ನಲ್ಲ."

"ಹೂಂ."

"ನಾನೇ ಕರೆದು ಹೇಳ್ದೆ ಅಂತ ನೀವು ಅಂದ್ಕೊಂಡಿದೀರಿ. ಅವಳೂ ಹಂಗೇ ಅಂದ್ಕೊಂಡಿದಾಳೆ. ಹಂಗಲ್ಲ ಅದು. ಒಂದೇ ಸಲ ಮಾಡೋದು, ಎತ್ತದಿದ್ರೆ ಒಳಗೆ ಹೋಗಿ ಕೊಟ್ಟುಬಿಡೋದು ಅಂತ ನಿರ್ಧಾರ ಮಾಡೇ ಮಾಡಿದ್ದು. ಆ ಹೊತ್ತಲ್ಲಿ ಅವಳು ಕ್ಲಾಸಲ್ಲಿರ್ತಾಳೆ, ಮಿಷನ್ ಸದ್ದಲ್ಲಿ ಫೋನ್ ಕೇ‌ಳ್ಸಲ್ಲ ಅಂತ ನಂಗೆ ಗೊತ್ತಿತ್ತು. ಎತ್ತದೇ ಇರ್ಲಿ ಅಂತಾನೇ ಮಾಡ್ದೆ." ಉಸಿರಿಗಾಗಿ ನಿಂತರು. "ಮೊದಲನೇ ರಿಂಗಿಗೇ ಎತ್ತಿಬಿಟ್ಲು."

"ಅವರಿಗೆ ಹೇಳಿದೀರಾ?" ಎಂದೆ.

"ಇಲ್ಲ. ಹೇಳ್ಬೇಕು. ಡಿಸ್ಚಾರ್ಜ್ ಆಗ್ಲಿ, ಮನೆಗೆ ಹೋದ್ಮೇಲೆ ಹೇಳ್ತೀನಿ."

ಡಿಸ್ಚಾರ್ಜ್ ಆಗಲಿಲ್ಲ. ಆರನೆಯ ದಿನ ಬೆಳಿಗ್ಗೆ ಆ ವಾಟ್ಸಾಪ್ ಬಂತು.

ಮಣ್ಣಿಗೆ ಹೋದಾಗ ಮಾತಾಡುವ ಹಾಗಿರಲಿಲ್ಲ. ಇಡೀ ವಾರ್ಡು ಅಲ್ಲಿತ್ತು. ಅಲ್ಲಿಂದ ಬಂದ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಹೇಳಬೇಕೆಂದಿದ್ದವರು ಅವರು. ಅವರ ಪರವಾಗಿ ಹೇಳುವ ಅಧಿಕಾರ ನನಗಿದೆಯೇ? ಹೇಳಿದರೆ, ಇಷ್ಟು ವರ್ಷ ಹೆಂಡತಿ ನಂಬಿದ್ದ ಒಂದು ಒಳ್ಳೆಯ ಗಳಿಗೆಯನ್ನು ಕೆಡಿಸಿದ ಹಾಗಾಗುವುದಿಲ್ಲವೇ? ಹೇಳದಿದ್ದರೆ, ಸಾಯುವ ಮನುಷ್ಯ ಒಪ್ಪಿಸಿದ್ದನ್ನು ನುಂಗಿಕೊಂಡ ಹಾಗೆ. ಅವರ ಹೆದರಿಕೆ ನನಗೆ ಅಂಟಿಕೊಂಡಿತ್ತು.

ಎರಡು ವಾರ ಬಿಟ್ಟು ಭದ್ರಾವತಿಗೆ ಹೋದೆ. ಗಿರಿಜಮ್ಮ ಮುಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಕ್ಲಾಸು ಇನ್ನೂ ಶುರು ಮಾಡಿರಲಿಲ್ಲ. ಕಾಫಿ ಕೊಟ್ಟರು. ಅದೂ ಇದೂ ಮಾತಾಡಿ, ಕೊನೆಗೆ ತಡೆಯಲಾರದೆ ಆಸ್ಪತ್ರೆಯಲ್ಲಿ ಅವರು ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ. ಹೇಳುವಾಗ ಅವರ ಮುಖ ನೋಡಲಿಲ್ಲ.

ಗಿರಿಜಮ್ಮ ಮೆಲ್ಲಗೆ ಹೇಳಿದರು. "ಮೊದಲನೇ ರಿಂಗಿಗೆ ಎತ್ತದೆ ಏನ್ಮಾಡ್ಲಿ ಮೇಷ್ಟ್ರೇ? ಅವತ್ತು ನಾನು ಕ್ಲಾಸೇ ಮಾಡ್ಲಿಲ್ಲ. ಅವರು ಹೊರಟಾಗಿಂದ ಫೋನು ಕೈಯಲ್ಲೇ ಹಿಡ್ಕೊಂಡು ಕೂತಿದ್ದೆ."

ನನಗೆ ತಡವಾಗಿ ಹೊಳೆಯಿತು.

"ಆ ಕಾಗದ ಓದಿದ್ರಾ ನೀವು?"

"ಮೈಕಿನ ಕಾಗದದ ಕೆಳಗೆ ಇಟ್ಟಿದ್ರು. ಓದ್ಬೇಕಾ ಅಂತ ಕೇಳೋ ಹೊತ್ತಿಗೆ ಓದಿ ಆಗಿತ್ತು."

"ಗೊತ್ತಿದ್ದೂ ಸಹಿ ಹಾಕಿದ್ರಾ?"

"ಅವರ ಮುಖ ನೋಡಿದ್ರೆ ನೀವೂ ಹಾಕ್ತಿದ್ರಿ. ಏನೋ ಆಗಿದೆ, ಹೇಳೋಕಾಗ್ತಿಲ್ಲ. ಹೋಗ್ಲಿ, ಕೊಟ್ಟು ಬರ್ಲಿ, ಒಂದು ಹೊತ್ತು ನೆಮ್ಮದಿಯಾಗಿ ಉಣ್ಲಿ ಅಂದ್ಕೊಂಡೆ. ಅವರು ಬಾಗಿಲು ದಾಟಿದ್ಮೇಲೆ ಮನಸ್ಸು ಒಪ್ಪಲಿಲ್ಲ. ಕ್ಲಾಸಿನ ಹುಡುಗೀರನ್ನ ವಾಪಸ್ ಕಳಿಸ್ದೆ. ಕರೀತಾರೆ, ಕರೀದೆ ಇರಲ್ಲ ಅಂತ ಕೂತೆ. ಎರಡು ಗಂಟೆ ಆದ್ಮೇಲೆ ಆಸೆ ಬಿಟ್ಟಿದ್ದೆ."

"ಆಮೇಲಾದ್ರೂ ಅವರಿಗೆ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ, ನನ್ನ ಹೆದರಿಕೆಗೋಸ್ಕರ ಇವಳು ಎಲ್ಲಾ ಬಿಟ್ಟುಕೊಡೋಕೆ ತಯಾರಾಗಿದ್ಲು ಅಂತ ಇನ್ನೊಂದು ಹಚ್ಕೊಂಡು ಕೂರ್ತಿದ್ರು. ಅವರಿಗೆ ಇದ್ದಿದ್ದೇ ಸಾಕಾಗಿತ್ತು."

ನಾನು ಲೋಟ ಕೆಳಗಿಟ್ಟೆ. ಗಿರಿಜಮ್ಮ ಸೀರೆಯ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ನಾನು ಹೊರಡಲು ಎದ್ದಾಗ ಕೇಳಿದರು.

"ಡಿಸ್ಚಾರ್ಜ್ ಆದ್ಮೇಲೆ ಹೇಳ್ತೀನಿ ಅಂದಿದ್ರಾ?"

"ಹೂಂ. ಮನೆಗೆ ಹೋದ್ಮೇಲೆ ಅಂದಿದ್ರು."

"ಅವರು ಹೇಳಿದ್ದಿದ್ರೆ," ಎಂದರು ಗಿರಿಜಮ್ಮ, "ನಾನೂ ಹೇಳಿಬಿಡ್ತಿದ್ದೆ."